ಎಫ್ ಟೂ ಮೇಲಿನ ಇರುವೆ

ಮದುವೆಗೆ ನಿಂತ ಇನ್ನೂರಾ ಒಂಬತ್ತು ಜನರ ವಯಸ್ಸು, ಎತ್ತರ, ಓದು, ಊರು ಎಲ್ಲವೂ ಆ ಗುರುವಾರ ಬೆಳಿಗ್ಗೆ ಸಾಂಗಲಿಯ ವಿಶ್ರಾಮಬಾಗದ ಒಂದು ಮೇಜಿನ ಮೇಲೆ, ಒಂದು ಹಳೆಯ ಲ್ಯಾಪ್‌ಟಾಪಿನ ಒಳಗಿದ್ದವು. ಬೇರೆ ಎಲ್ಲಿಯೂ ಇರಲಿಲ್ಲ. ಕಾಗದ ಉಳಿದರೆ ಜನ ಮನೆಗೆ ಬಂದು ತಿದ್ದಿಸುತ್ತಾರೆ ಎಂದು ನೇಮಿನಾಥ ಮಗದೂಮರು ಪ್ರತಿ ಅರ್ಜಿಯನ್ನೂ ಟೈಪು ಮಾಡಿ ಮುಗಿಸಿದ ಕೂಡಲೇ ಹರಿದು ಹಾಕಿದ್ದರು.

ನೇಮಿನಾಥರು ಸಾಂಗಲಿಯ ಒಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಕಾರಕೂನರು, ಜೈನ ಸಮಾಜದ ವಧೂವರ ಮೇಳಾವಕ್ಕೆ, ಎಂದರೆ ಮದುವೆಗೆ ನಿಂತವರ ಸಮಾವೇಶಕ್ಕೆ, ಕಾರ್ಯದರ್ಶಿಗಳು. ಮೇಳಾವದ ದಿನ ಹಂಚುವ ಪುಸ್ತಕವನ್ನು ಈ ಸಲ ಹೊರಗಿನವರ ಕೈಯಲ್ಲಿ ಟೈಪು ಮಾಡಿಸೋಣ ಎಂದು ಸಭೆಯಲ್ಲಿ ಮಾತು ಬಂದಾಗ ಅವರು ಎದ್ದು ನಿಂತು, ತಮಗೆ ಕಂಪ್ಯೂಟರ್ ಬರುತ್ತದೆ ಎಂದಿದ್ದರು. ಅವರಿಗೆ ತೆರೆಯಲು ಬರುತ್ತಿತ್ತು, ಟೈಪು ಮಾಡಲು ಬರುತ್ತಿತ್ತು, ಮುಚ್ಚಲು ಬರುತ್ತಿತ್ತು. ಇವುಗಳ ನಡುವೆ ಇನ್ನೂ ಏನಾದರೂ ಇರಬಹುದು ಎಂದು ಸಭೆಯಲ್ಲಿ ಯಾರಿಗೂ ಅನ್ನಿಸಲಿಲ್ಲ.

ಅದೇ ತಿಂಗಳು ಚಾತುರ್ಮಾಸಕ್ಕೆ ಬಂದ ಮುನಿಗಳ ಎದುರಿಗೆ ಎಲ್ಲರೂ ಒಂದೊಂದು ನಿಯಮ ತೆಗೆದುಕೊಂಡರು. ಕೆಲವರು ಚಹಾ ಬಿಟ್ಟರು, ಕೆಲವರು ಸಿಹಿ ಬಿಟ್ಟರು. ನೇಮಿನಾಥರು ಇಲ್ಲಿಯೂ ಎದ್ದು ನಿಂತರು. ನಾಲ್ಕು ತಿಂಗಳು, ತಿಳಿದು ತಿಳಿದು ಒಂದು ಇರುವೆಯನ್ನೂ ಕೊಲ್ಲುವುದಿಲ್ಲ ಎಂದರು. ಚಹಾ ಬಿಡುವುದಕ್ಕಿಂತ ಇದು ಸುಲಭ ಎಂದು ಅವರ ಅಂದಾಜು.

ಪುಸ್ತಕದಲ್ಲಿ ಆರು ಕಾಲಮ್ಮುಗಳು. ನಂಬರು, ಹೆಸರು, ವಯಸ್ಸು, ಎತ್ತರ, ಶಿಕ್ಷಣ, ಸಂಪರ್ಕ. ನೇಮಿನಾಥರು ತಮ್ಮ ಉಪಯೋಗಕ್ಕೆಂದು ಏಳನೆಯದನ್ನು ಸೇರಿಸಿದ್ದರು. ಶೇರಾ, ಎಂದರೆ ಟಿಪ್ಪಣಿ. ಜನ ಅವರಿಗೆ ಫೋನ್ ಮಾಡಿ, ಯಾರಿಗೂ ಹೇಳಬೇಡಿ ಎಂದು ಒಬ್ಬರ ವಿಷಯ ಇನ್ನೊಬ್ಬರು ಹೇಳುತ್ತಿದ್ದರು. ಅವರಿಗೆ ಮರೆವು ಹೆಚ್ಚು. ಯಾರಿಗೂ ಹೇಳಬಾರದ್ದನ್ನು ಮರೆತು ಯಾರಿಗಾದರೂ ಹೇಳಿಬಿಟ್ಟರೆ ಎಂಬ ಹೆದರಿಕೆಯಿಂದ ಎಲ್ಲವನ್ನೂ ಬರೆದಿಟ್ಟರು. ಅಚ್ಚಿಗೆ ಕಳಿಸುವ ಮೊದಲು ಅಳಿಸಿದರಾಯಿತು ಎಂಬುದು ಅವರ ಯೋಜನೆ.

ನೂರಾ ಹದಿನೇಳನೆಯ ನಂಬರಿನ ಶೇರಾ ಎಲ್ಲಕ್ಕಿಂತ ಉದ್ದವಾಗಿತ್ತು. ಆ ನಂಬರು ಯಶನದು. ಯಶ ಸಮಿತಿಯ ಅಧ್ಯಕ್ಷ ಧನಪಾಲಣ್ಣನ ಒಬ್ಬನೇ ಮಗ. ಶೇರಾ ಹೀಗಿತ್ತು: 'ಹುಡುಗ ಖುದ್ದು ಬಂದಿದ್ದ. ತನ್ನ ಹೆಸರು ಹಿಂದಿನ ಪುಟಕ್ಕೆ ಹಾಕಿರಿ ಅಂದ. 209ರ ಕೆಳಗೆ. ಧನಪಾಲಣ್ಣನಿಗೆ ಯಾರು ಹೇಳಬೇಕು? ನಾನಲ್ಲ.'

ಹಿಂದಿನ ಪುಟ ಎಂದರೆ ಪುನರ್ವಿವಾಹದ ಪುಟ. ವಿಧವೆಯರು, ವಿಧುರರು, ಸೋಡಚಿಠ್ಠಿ ಎಂದರೆ ವಿಚ್ಛೇದನ ಆದವರು ಪುಸ್ತಕದ ಕೊನೆಯಲ್ಲಿ ಬರುವುದು ಪದ್ಧತಿ. 209 ಕವಲಾಪುರದ ಸೋನಲ. ಮೊದಲ ಮದುವೆಗೆ ನಿಂತ ಗಂಡುಮಗ ಆ ಪುಟಕ್ಕೆ ಹೋದದ್ದು ಇದುವರೆಗೆ ಇಲ್ಲ. ಅಧ್ಯಕ್ಷರ ಮಗ ಹೋಗುವುದಂತೂ ದೂರ. ಧನಪಾಲಣ್ಣನಿಗೆ ಡ್ರಿಪ್ ಪೈಪಿನ ಅಂಗಡಿ ಇತ್ತು, ಹೊಲದ ಆಚೆಗೂ ಕೇಳುವ ದನಿ ಇತ್ತು. ಅವರು 'ಹೂಂ' ಎಂದರೆ ಸಭೆ ಮುಗಿದಂತೆ. 'ಏನು?' ಎಂದರೆ ಹೇಳುವವನ ಮಾತು ಮುಗಿದಂತೆ.

ಮೇಳಾವ ರವಿವಾರ. ಮಿರಜೆಯ ಪ್ರೆಸ್ಸಿಗೆ ಶುಕ್ರವಾರ ಬೆಳಿಗ್ಗೆ ಫೈಲು ಮುಟ್ಟಬೇಕು. ಗುರುವಾರ ಎಂಟು ಗಂಟೆಗೆ ನೇಮಿನಾಥರು ಶೇರಾ ಅಳಿಸಲು ಕೂತು ಲ್ಯಾಪ್‌ಟಾಪ್ ಚಾಲೂ ಮಾಡಿದರು. ಕರಿ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಇಂಗ್ಲಿಷಿನ ಎರಡು ಸಾಲು ಬಂದವು. ಡಿಸ್ಕ್ ಸಿಗುತ್ತಿಲ್ಲ, ಎಫ್ ಟೂ ಒತ್ತಿ ಸೆಟ್ಟಿಂಗ್ ನೋಡಿರಿ ಎಂದು ಅದರ ತಾತ್ಪರ್ಯ. ಮುಚ್ಚಿ ಮತ್ತೆ ತೆರೆದರು. ಅದೇ ಎರಡು ಸಾಲು.

ಮಿರಜೆ ಸ್ಟೇಶನ್ ರಸ್ತೆಯಲ್ಲಿ ರಿಪೇರಿ ಅಂಗಡಿ ನಡೆಸುವ ಸಾಯಲಿಗೆ ಫೋನ್ ಹಚ್ಚಿದರು. ಸಾಯಲಿಯ ಮನೆಮಾತು ಮರಾಠಿ. ಅಥಣಿ ಕಡೆಯ ಗಿರಾಕಿಗಳಿಂದ ಕನ್ನಡ ಕಲಿತಿದ್ದಳು. ಗಾಬರಿ ಬೇಡ, ಒಳಗಿನ ಸೆಟ್ಟಿಂಗ್ ಹಾರಿರಬೇಕು ಎಂದಳು.

"ಕಾಕಾ, ಚಾಲೂ ಮಾಡಿದ ಕೂಡ್ಲೆ ಎಫ್ ಟೂ ಒತ್ತರಿ. ಒಂದ ಸಲ ಅಲ್ಲ, ಟಕ್ ಟಕ್ ಟಕ್ ಒತ್ತಕೋತ ಇರ್ರಿ. ಎರಡ ಸೆಕೆಂಡ ಅಷ್ಟ ಟೈಮ್ ಕೊಡತೈತಿ ಅದು."

ನೇಮಿನಾಥರು ಬೆರಳು ಎತ್ತಿದರು. ಎಫ್ ಟೂ ಮೇಲೆ ಒಂದು ಇರುವೆ ನಿಂತಿತ್ತು.

ಒಂದೇ ಅಲ್ಲ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಒಂದು ಸಾಲು. ಕೋಲ್ಡ್ ಸ್ಟೋರೇಜಿನಿಂದ ಮಾದರಿಗೆಂದು ತಂದ ಒಣದ್ರಾಕ್ಷಿಯ ಬಟ್ಟಲುಗಳು ತಿಂಗಳಿಂದ ಅದೇ ಮೇಜಿನ ಮೇಲಿದ್ದವು. ದ್ರಾಕ್ಷಿ ತಿಂದ ಬೆರಳಿನಿಂದಲೇ ನೇಮಿನಾಥರು ಇನ್ನೂರಾ ಒಂಬತ್ತು ಜನರನ್ನು ಟೈಪು ಮಾಡಿದ್ದರು. ಇರುವೆಗಳು ಎಫ್ ಒಂದರ ಸಂದಿಯಲ್ಲಿ ಇಳಿದು ಎಫ್ ನಾಲ್ಕರ ಸಂದಿಯಲ್ಲಿ ಏಳುತ್ತಿದ್ದವು.

ಅವರು ಮೆಲ್ಲಗೆ ಊದಿದರು. ಇರುವೆ ಗಟ್ಟಿಯಾಗಿ ಹಿಡಿದುಕೊಂಡಿತು. ಕಾದರು. ಅದು ದಾಟಿತು. ಕೆಳಗಿದ್ದವಕ್ಕೂ ಸರಿಯಲು ಅವಕಾಶ ಸಿಗಲಿ ಎಂದು ಬೆರಳನ್ನು ಬಟನ್ನಿನ ಮೇಲಿಟ್ಟು, ಮಲಗಿದ ಕೂಸನ್ನು ಮುಟ್ಟುವ ಹಾಗೆ ಒಂದು ಸಲ ಒತ್ತಿದರು. ಅಷ್ಟರೊಳಗೆ ಎರಡು ಸೆಕೆಂಡು ಕಳೆದು, ಎರಡು ಸಾಲು ಬಂದಾಗಿತ್ತು.

ಹೀಗೆ ಹನ್ನೊಂದು ಸಲ. ಬಾಗಿಲಲ್ಲಿ ನಿಂತ ಹೆಂಡತಿ ಮಾಣಿಕಬಾಯಿ, ಗಂಡ ಯಂತ್ರದ ಮೇಲೆ ಬಾಗಿ ಉಸಿರು ಬಿಡುವುದನ್ನೂ ಒಂದು ಬೆರಳಿನಿಂದ ಸವರುವುದನ್ನೂ ನೋಡಿ, ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದರು.

ಸಾಯಲಿ ಫೋನಿನಲ್ಲಿ ಒತ್ತಿದಿರಾ ಎಂದು ಕೇಳಿದಳು. ಒತ್ತಿದೆ ಎಂದರು. ಇರುವೆಗಳ ವಿಷಯ ಹೇಳಲು ನಾಚಿಕೆ. ಹಾಗಾದರೆ ಕೀಬೋರ್ಡೇ ಹೋಗಿರಬೇಕು, ಇಲ್ಲವೇ ಅದಕ್ಕಿಂತ ದೊಡ್ಡದು ಏನೋ ಹೋಗಿದೆ, ಮಿರಜೆಗೆ ತನ್ನಿರಿ, ತೆರೆದು ನೋಡುತ್ತೇನೆ ಎಂದಳು ಅವಳು.

ತೆರೆದು ನೋಡುತ್ತೇನೆ ಎಂಬ ಮಾತಿಗೆ ನೇಮಿನಾಥರು ಆಮೇಲೆ ಮಾಡುತ್ತೇನೆ ಎಂದು ಫೋನ್ ಇಟ್ಟರು. ಲ್ಯಾಪ್‌ಟಾಪ್ ತೆರೆಯದಿದ್ದರೆ ಸಮಾಜದ ಇನ್ನೂರಾ ಒಂಬತ್ತು ಮದುವೆ ಹೋದವು. ತೆರೆದರೆ ಶೇರಾ ಹೊರಗೆ ಬರುತ್ತದೆ. ತೆರೆಯಬೇಕು, ಆದರೆ ಯಾರ ಎದುರಿಗೂ ತೆರೆಯಬಾರದು. ಇಂಥ ರಿಪೇರಿ ಮಾಡುವ ಅಂಗಡಿ ಸಾಂಗಲಿ ಜಿಲ್ಲೆಯಲ್ಲಿ ಇರಲಿಲ್ಲ.

ಪಕ್ಕದ ಮನೆಯ ಜಿನಪ್ಪನವರು ವಿದ್ಯುತ್ ಮಂಡಳಿಯಿಂದ ನಿವೃತ್ತರಾದವರು. ವಿದ್ಯುತ್ತಿನಿಂದ ನಡೆಯುವ ಯಾವುದರ ಬಗ್ಗೆ ಕೇಳಿದರೂ ಉತ್ತರ ಕೊಡುತ್ತಿದ್ದರು. ನೇಮಿನಾಥರು, ಯಾರದೋ ಲ್ಯಾಪ್‌ಟಾಪ್ ಹೀಗಾಗಿದೆಯಂತೆ ಎಂದು ಶುರು ಮಾಡಿದರು. ಜಿನಪ್ಪನವರು ಬ್ಯಾಟರಿ ತೆಗೆದು, ವಾಯರ್ ತೆಗೆದು, ಪವರ್ ಬಟನ್ ಅರವತ್ತು ಎಣಿಸುವ ತನಕ ಒತ್ತಿ ಹಿಡಿಯಲು ಹೇಳಿದರು. ಪವರ್ ಬಟನ್ನಿನ ಮೇಲೆ ಇರುವೆ ಇರಲಿಲ್ಲ, ಆದ್ದರಿಂದ ನೇಮಿನಾಥರು ಅದನ್ನು ಸಂತೋಷದಿಂದ ಒತ್ತಿದರು. ಏನೂ ಆಗಲಿಲ್ಲ. ಆಗದೆ ಇದ್ದದ್ದನ್ನು ನೋಡಲು ಜಿನಪ್ಪನವರು ಹಿಂದೆಯೇ ಬಂದಿದ್ದರು. ಯಾರದೋ ಲ್ಯಾಪ್‌ಟಾಪ್ ಯಾರದೆಂದು ಅವರಿಗೆ ತಿಳಿಯಿತು. ಅವರ ಮೊಮ್ಮಗಳು ಎಂಬತ್ತೆಂಟನೆಯ ನಂಬರು.

ಮಧ್ಯಾಹ್ನದ ಹೊತ್ತಿಗೆ ಯಾದಿ ಹೋಯಿತಂತೆ ಎಂಬ ಸುದ್ದಿ ಮಾಲಗಾಂವ ತನಕ ಮುಟ್ಟಿತ್ತು. ಫೋನುಗಳು ಶುರುವಾದವು. ಪ್ರತಿಯೊಬ್ಬ ತಂದೆಯೂ ಮೊದಲು ಸಮಾಜದ ಗತಿಯೇನು ಎಂದು ದುಃಖ ಪಟ್ಟರು. ಆಮೇಲೆ ದನಿ ಇಳಿಸಿದರು. ಹೇಗೂ ಹೊಸದಾಗಿ ಬರೆಯುವುದಾದರೆ ನಮ್ಮ ಹುಡುಗಿಯ ವಯಸ್ಸಿನಲ್ಲಿ ಎರಡು ವರ್ಷ ಕಡಿಮೆ ಬರೆಯಿರಿ ಎಂದರು ಒಬ್ಬರು. ನಮ್ಮವನ ಎತ್ತರ ಹೋದ ಸಲ ನಿಂತು ಅಳೆದಿರಲಿಲ್ಲ ಎಂದರು ಇನ್ನೊಬ್ಬರು. ಒಂದು ತಾಸಿನಲ್ಲಿ ಇಡೀ ಸಮಾಜ ಸರಾಸರಿ ಎರಡು ಇಂಚು ಬೆಳೆದು ಮೂರು ವರ್ಷ ಚಿಕ್ಕದಾಯಿತು.

ನಡುವೆ ಯಶನ ಫೋನು ಬಂತು.

"ಕಾಕಾ, ನಾ ಹೇಳಿದ್ದು ಎಲ್ಲೂ ಬರ್ದಿಲ್ಲ ಹೌದಲ್ರಿ?"

ನೇಮಿನಾಥರು ಲ್ಯಾಪ್‌ಟಾಪಿಗೆ ಬೆನ್ನು ಮಾಡಿ ಕೂತರು. ಅಪ್ಪಗೆ ಗೊತ್ತಾದರೆ ಆಕೆಯ ಮನೆಬಾಗಿಲಿಗೆ ಹೋಗಿ ಕೂಗಾಡುತ್ತಾರೆ, ಆಕೆ ಏನೂ ತಪ್ಪು ಮಾಡಿಲ್ಲ ಕಾಕಾ, ಎಂದು ಹೇಳಿ ಯಶ ಫೋನ್ ಇಟ್ಟ.

ಮರುನಿಮಿಷವೇ ಧನಪಾಲಣ್ಣ ಫೋನ್ ಮಾಡಿದರು. ಸಂಜೆ ಬರುತ್ತೇನೆ ಎಂದರು, ಅಷ್ಟೇ.

ನೇಮಿನಾಥರು ಲ್ಯಾಪ್‌ಟಾಪನ್ನು ಬಟ್ಟೆಯ ಪಿಶವಿಯಲ್ಲಿ ಹಾಕಿಕೊಂಡು, ಇರುವೆಗಳಿಗೆ ಪೆಟ್ಟಾಗದಂತೆ ಎದೆಗೆ ಹಿಡಿದು, ಮಿರಜೆಯ ಬಸ್ಸು ಹತ್ತಿದರು. ಪಿಶವಿಯನ್ನು ಅಷ್ಟು ನಾಜೂಕಿನಿಂದ ಹಿಡಿದು, ಅಂಥ ಮುಖ ಮಾಡಿಕೊಂಡು, ಆಸ್ಪತ್ರೆಗಳ ಊರಾದ ಮಿರಜೆಗೆ ಹೊರಟವರನ್ನು ನೋಡಿದರೆ ಜನ ಆಸ್ಪತ್ರೆ ಎಂದೇ ತಿಳಿಯುತ್ತಾರೆ. ಒಬ್ಬ ಮುದುಕಿ ಎದ್ದು ಜಾಗ ಕೊಟ್ಟಳು.

ಸಾಯಲಿ ಲ್ಯಾಪ್‌ಟಾಪನ್ನು ತೆರೆದು, ಚಾಲೂ ಮಾಡಿ, ಎಫ್ ಟೂ ಮೇಲೆ ಬೆರಳನ್ನು ಹೊಲಿಗೆ ಯಂತ್ರದ ಸೂಜಿಯಂತೆ ಇಳಿಸಿದಳು. ಎರಡನೆಯ ಪೆಟ್ಟು ಬೀಳುವ ಮೊದಲು ನೇಮಿನಾಥರು ತಮ್ಮ ಅಂಗೈಯನ್ನು ನಡುವೆ ಹಾಕಿದರು. ಪೆಟ್ಟು ಅಂಗೈಗೆ ಬಿತ್ತು.

"ಸಾವಕಾಶ ತಂಗಿ. ಒಳಗ ಜೀವ ಅದಾವ."

ಆಗ ಸಾಯಲಿ ಬಾಗಿ ನೋಡಿದಳು. ಆಮೇಲೆ ಅವರ ಮುಖ ನೋಡಿದಳು.

"ಕಾಕಾ, ಮನಿಯಾಗ ಎಷ್ಟ ಸಲ ಒತ್ತಿದ್ರಿ?"

"ಹನ್ನೊಂದ ಸಲ."

"ಚಾಲೂ ಮಾಡಿದಾಗ ಒಮ್ಮೆಗೆ ಎಷ್ಟ?"

"ಒಂದ. ಅವು ಸರಿದ ಮ್ಯಾಲ."

ಸಾಯಲಿ ನಗಲಿಲ್ಲ. ಊದುವ ಯಂತ್ರ ಹಚ್ಚಲೇ ಎಂದು ಕೇಳಿದಳು. ಅದರ ಗಾಳಿ ಬಿಸಿಯೋ ತಣ್ಣಗೋ ಎಂದು ಇವರು ಕೇಳಿದರು. ಬಿಸಿ ಎಂದಳು. ಅವರು ಸುಮ್ಮನೆ ಪಿಶವಿಯ ಕಡೆ ಕೈ ಚಾಚಿದರು. ಕೊನೆಗೆ ಅವಳು ಚಹಾದಂಗಡಿಯಿಂದ ಒಂದು ತುಂಡು ಬೆಲ್ಲ ತಂದು, ಅಂಗಡಿಯ ಮೆಟ್ಟಿಲ ಮೇಲೆ ಲ್ಯಾಪ್‌ಟಾಪನ್ನು ಬಿಸಿಲಿಗೆ ಓರೆಯಾಗಿ ನಿಲ್ಲಿಸಿ, ಬೆಲ್ಲವನ್ನು ಒಂದು ಮೊಳ ದೂರದಲ್ಲಿಟ್ಟಳು. ಇರುವೆಗಳು ವಿಚಾರ ಮಾಡಿದವು. ಒಂದು ಹೊರಟಿತು. ಅದು ಹೋಗಿ ಬಂದು ಉಳಿದವಕ್ಕೆ ವರದಿ ಒಪ್ಪಿಸಿತು. ಆಮೇಲೆ ಸಾಲು ಎದ್ದಿತು. ಪೂರ್ತಿ ಇಳಿಯಲು ಒಂದೂವರೆ ತಾಸು. ಅಷ್ಟೂ ಹೊತ್ತು ನೇಮಿನಾಥರು ಒಂದು ಕಣ್ಣು ಇರುವೆಗಳ ಮೇಲೆ, ಒಂದು ಕಣ್ಣು ರಸ್ತೆಯ ಮೇಲೆ ಇಟ್ಟು, ಮೆಟ್ಟಿಲ ತುದಿಯಲ್ಲಿ ಕೂತಿದ್ದರು. ಹೊಟ್ಟೆ ಹಸಿದಿತ್ತು. ಸೂರ್ಯ ಮುಳುಗಿದರೆ ಜೈನರಿಗೆ ಊಟವೂ ಇಲ್ಲ. ಆದರೆ ಊಟದ ನೆನಪು ಬರುವಷ್ಟು ಧೈರ್ಯ ಅವರಲ್ಲಿ ಉಳಿದಿರಲಿಲ್ಲ.

ಕೊನೆಯ ಇರುವೆ ಇಳಿದ ಮೇಲೆ ಸಾಯಲಿ ಟಕ್ ಟಕ್ ಟಕ್ ಒತ್ತಿದಳು. ನೀಲಿ ಪರದೆ ಬಂತು. ಅದರಲ್ಲಿ ತಾರೀಖು ಹದಿನೈದು ವರ್ಷ ಹಿಂದೆ ಹೋಗಿತ್ತು. ಒಳಗಿನ ರೂಪಾಯಿಯಷ್ಟು ದೊಡ್ಡ ಬ್ಯಾಟರಿ ಸತ್ತು, ಯಂತ್ರಕ್ಕೆ ತನ್ನ ಡಿಸ್ಕನ್ನು ಯಾವ ರೀತಿಯಲ್ಲಿ ಓದಬೇಕೆಂಬುದೇ ಮರೆತುಹೋಗಿದೆ ಎಂದು ವಿವರಿಸಿದಳು. ಬೇರೆ ಬ್ಯಾಟರಿ ಹಾಕಿ, ಸೆಟ್ಟಿಂಗ್ ತಿದ್ದಿದಳು. ಲ್ಯಾಪ್‌ಟಾಪ್ ಎದ್ದಿತು. ನೇಮಿನಾಥರು ಇನ್ನು ನೀವು ಆ ಕಡೆ ತಿರುಗಿರಿ ಎಂದು ಸಾಯಲಿಯನ್ನು ಬೇಡಿಕೊಂಡು, ಯಾದಿಯನ್ನು ತೆರೆದು, ಏಳನೆಯ ಕಾಲಮ್ಮಿನ ಮೇಲೆ ಬಾಣವನ್ನು ಒಯ್ದರು.

ಹೊರಗೆ ಮೋಟಾರು ಸೈಕಲ್ ನಿಂತಿತು. ಹಿಂದೆ ಧನಪಾಲಣ್ಣ, ಮುಂದೆ ಯಶ. ಮನೆಗೆ ಬಂದ ಧನಪಾಲಣ್ಣನಿಗೆ ಜಿನಪ್ಪನವರು ಮಿರಜೆಯ ವಿಳಾಸವನ್ನು ಬರೆದೇ ಕೊಟ್ಟಿದ್ದರು.

ಧನಪಾಲಣ್ಣ ನೇಮಿನಾಥರನ್ನು ಸರಿಸಿ ಸ್ಟೂಲಿನ ಮೇಲೆ ಕೂತರು. ಯಾದಿ ಇದೆಯಲ್ಲ ಎಂದು ಸಮಾಧಾನಪಟ್ಟರು. ಆಮೇಲೆ ಅವರ ಕಣ್ಣು ಕೊನೆಯ ಕಾಲಮ್ಮಿಗೆ ಹೋಯಿತು.

ಅವರು ದೊಡ್ಡ ದನಿಯಲ್ಲಿ ಓದತೊಡಗಿದರು. ಮೂವತ್ತೊಂದು: ಹುಡುಗ ಒಳ್ಳೆಯವನು, ಕೇಳಿದ್ದಕ್ಕೆ ಉತ್ತರ ತಾಯಿ ಕೊಡುತ್ತಾಳೆ. ಐವತ್ನಾಲ್ಕು: ಎಂಜಿನಿಯರ್ ಎಂದು ಬರೆಸಿದ್ದಾರೆ, ಎರಡು ವಿಷಯ ಬಾಕಿ. ಎಂಬತ್ತೆಂಟು: ಹುಡುಗಿ ಬೇಗ ಹೂಂ ಎನ್ನುತ್ತಾಳೆ, ಅಜ್ಜ ಎನ್ನಗೊಡುವುದಿಲ್ಲ. ಧನಪಾಲಣ್ಣ ಹೊಟ್ಟೆ ಹಿಡಿದು ನಕ್ಕರು. ಇಷ್ಟು ವರ್ಷ ಸಮಾಜದ ಬಗ್ಗೆ ಅವರಿಗೆ ಅನ್ನಿಸಿದ್ದೆಲ್ಲ ಯಾರೋ ಟೈಪು ಮಾಡಿ ಇಟ್ಟಂತಿತ್ತು. ಯಶ ಗೋಡೆಗೆ ಅಂಟಿ ನಿಂತಿದ್ದ. ನೂರು ದಾಟಿದಾಗ ನೇಮಿನಾಥರು ಬಾಯಿ ಬಿಟ್ಟರು.

"ಅಣ್ಣಾ, ಮುಂದಿಂದು ಓದಬ್ಯಾಡ್ರಿ."

ಬೇಡ ಎಂದದ್ದನ್ನು ಧನಪಾಲಣ್ಣ ಬಿಟ್ಟದ್ದು ಇಲ್ಲ. ನೂರಾ ಹದಿನೇಳಕ್ಕೆ ಬಂದರು. ದೊಡ್ಡ ದನಿಯಲ್ಲಿ ಶುರು ಮಾಡಿ, 'ಹಿಂದಿನ ಪುಟಕ್ಕೆ' ಎಂಬಲ್ಲಿ ದನಿ ಇಳಿಯಿತು. ಉಳಿದದ್ದನ್ನು ತುಟಿಯಲ್ಲೇ ಓದಿದರು. ಸಾಯಲಿ ಇಲ್ಲದ ಧೂಳನ್ನು ಒರೆಸತೊಡಗಿದಳು.

"ನಾನಲ್ಲ ಅಂತ ಬರದೀ ಅಲ್ಲ, ನೇಮೂ. ಮತ್ತ ಯಾರ ಹೇಳಬೇಕಾಗಿತ್ತ ನನಗ?"

"ಗೊತ್ತಿಲ್ರಿ ಅಣ್ಣಾ. ಎಲ್ಲಾರೂ ಹೆದರ್ತಾರ್ರಿ ನಿಮಗ."

"ನನಗ?" ಎಂದರು ಧನಪಾಲಣ್ಣ. ನಿಜಕ್ಕೂ ಆಶ್ಚರ್ಯವಾದಂತಿತ್ತು. ಮಗನ ಕಡೆ ತಿರುಗಿದರು. ಯಶ ನೆಲ ನೋಡುತ್ತಿದ್ದ.

ಅವರು ಯಾದಿಯನ್ನು ಕೆಳಗೆ ಒಯ್ದರು. 209. ಸೋನಲ, ಕವಲಾಪುರ. ಮೂವತ್ತು ವರ್ಷ. ಎಂ.ಎ. ಓದಿದವಳು. ಗಂಡ ತೀರಿ ಮೂರು ವರ್ಷ. ಬೇರೆಯವರ ಸಂಪರ್ಕದಲ್ಲಿ ತಂದೆ, ಕಾಕಾ, ಮಾಮಾ ಇದ್ದರು. ಇವಳದರಲ್ಲಿ 'ಸ್ವತಃ' ಎಂದಿತ್ತು. ಶೇರಾದಲ್ಲಿ ನಾಲ್ಕು ಶಬ್ದ: 'ಯಾರೂ ಫೋನ್ ಮಾಡಿ ಕೇಳಿಲ್ಲ.'

ಧನಪಾಲಣ್ಣ ಅದನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಕಿಸೆಯಿಂದ ಫೋನ್ ತೆಗೆದು, ಪರದೆಯ ಮೇಲಿನ ನಂಬರನ್ನು ಒಂದೊಂದಾಗಿ ಒತ್ತಿದರು. ಯಶ ಒಂದು ಹೆಜ್ಜೆ ಮುಂದೆ ಬಂದ. ನೇಮಿನಾಥರು ಕಣ್ಣು ಮುಚ್ಚಿದರು. ಕವಲಾಪುರದ ಬಾಗಿಲಲ್ಲಿ ನಡೆಯಬೇಕಾದ ಕೂಗಾಟ ಫೋನಿನಲ್ಲೇ ನಡೆಯುತ್ತದೆ ಎಂದುಕೊಂಡರು. ಕಿವಿ ಮಂದವಾದ್ದರಿಂದ ಧನಪಾಲಣ್ಣ ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವವರು. ಆ ಕಡೆ ಗಂಟೆ ಬಡಿಯುವುದು ಎಲ್ಲರಿಗೂ ಕೇಳಿತು.

ಒಬ್ಬ ಹೆಂಗಸು ಯಾರೆಂದು ಕೇಳಿದಳು. ಧನಪಾಲಣ್ಣ ಹೆಸರು ಹೇಳಿ, ಕೆಮ್ಮಿ, ತಮ್ಮ ಮಗ ಹಿಂದಿನ ಪುಟಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾನೆ, ಇದು ನಿಮಗೆ ಗೊತ್ತೇ ಎಂದರು.

"ಗೊತ್ತೈತ್ರಿ," ಎಂದಳು ಸೋನಲ. ದನಿಯಲ್ಲಿ ಏರಿಳಿತ ಇರಲಿಲ್ಲ. "ಮೂರ ತಿಂಗಳ ಹಿಂದ ಹೊಲಕ್ಕ ಡ್ರಿಪ್ ಜೋಡಸಾಕ ಬಂದಾಗ ಕೇಳಿದ್ರು. ನಾ ಇನ್ನೂ ಹೂಂ ಅಂದಿಲ್ಲ."

ಧನಪಾಲಣ್ಣನ ಮುಖ ಕೆಂಪಾಯಿತು.

"ಯಾಕ ಅಂದಿಲ್ಲ? ನಮ್ಮ ಹುಡುಗಗ ಏನ್ ಕಡಿಮಿ ಆಗೇತಿ?"

"ಕಡಿಮಿ ಏನಿಲ್ರಿ. ಮೊದಲ ಅಪ್ಪಗ ಹೇಳಿ ಬರ್ರಿ, ಆಮ್ಯಾಲ ವಿಚಾರ ಮಾಡ್ತೀನಿ ಅಂದಿದ್ದೆ." ಆಮೇಲೆ ಕೇಳಿದಳು: "ಹೇಳ್ಯಾರೇನ್ರಿ?"

ಯಾರೂ ಹೇಳಿರಲಿಲ್ಲ. ಶೇರಾ ಹೇಳಿತ್ತು. ಧನಪಾಲಣ್ಣ ಫೋನಿನ ಮೇಲೆ ಕೈ ಮುಚ್ಚಿ ಮಗನನ್ನು ನೋಡಿದರು. ಯಶ ಕಣ್ಣು ಎತ್ತಿದ.

"ಅಪ್ಪಾ, ನಾ ಆಕೀನ್ನ ಕೇಳೇನಿ. ನಿಮಗ ಹೇಳಾಕ ಹೆದರಿಕಿ ಆಗಿತ್ತು. ಈಗೂ ಆಗಾಕತ್ತೇತಿ."

ಧನಪಾಲಣ್ಣ ಕೈ ತೆಗೆದರು.

"ಹೇಳ್ಯಾನವಾ," ಎಂದರು ಫೋನಿಗೆ. "ಈಗ ಹೇಳಿದ."

"ಆತ್ರಿ. ಹಂಗಾದ್ರ ವಿಚಾರ ಮಾಡಿ ತಿಳಸ್ತೀನಿ," ಎಂದು ಸೋನಲ ಫೋನ್ ಇಟ್ಟಳು.

ಧನಪಾಲಣ್ಣ ಸ್ಟೂಲಿನ ಮೇಲೆ ಹಾಗೆಯೇ ಕೂತಿದ್ದರು. ಜೀವಮಾನದಲ್ಲಿ ಯಾರೂ ಅವರಿಗೆ ವಿಚಾರ ಮಾಡಿ ತಿಳಿಸುತ್ತೇನೆ ಎಂದಿರಲಿಲ್ಲ. ವಿಚಾರ ಎಂದರೆ ಎಷ್ಟು ದಿನ ಎಂದು ನೇಮಿನಾಥರನ್ನು ಕೇಳಿದರು. ನೇಮಿನಾಥರು ತಮಗೆ ಗೊತ್ತಿಲ್ಲ ಎಂದರು. ಸಾಯಲಿಯನ್ನು ಕೇಳಿದರು. ಅದು ಅವರವರ ಮೇಲೆ ಎಂದಳು ಸಾಯಲಿ.

ಪ್ರೆಸ್ಸಿಗೆ ಫೈಲು ವೇಳೆಗೆ ಮುಟ್ಟಿತು. ಆರೇ ಕಾಲಮ್ಮು. ಎತ್ತರಗಳು ಮೊದಲಿನಷ್ಟೇ ಇದ್ದವು, ಇದರಿಂದ ಬಹಳ ಜನಕ್ಕೆ ಬೇಸರವಾಯಿತು. ನೂರಾ ಹದಿನೇಳರ ಜಾಗ ಖಾಲಿ ಇತ್ತು. ಕೊನೆಯ ಪುಟದಲ್ಲಿ 210 ಎಂದು ಒಂದು ಸಾಲು ಹೆಚ್ಚಾಗಿತ್ತು. ಹಾಗೆ ಹಾಕು ಎಂದು ಹೇಳಿದವರು ಅಧ್ಯಕ್ಷರೇ.

ರವಿವಾರ ಮೇಳಾವದಲ್ಲಿ ಜನ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಓದಿದರು. ಧನಪಾಲಣ್ಣ ವೇದಿಕೆಯ ಮೇಲೆ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಭಾಷಣ ಮಾಡಲಿಲ್ಲ. ಫೋನ್ ರಿಂಗಾದಾಗಲೆಲ್ಲ ಬೆಚ್ಚಿ, ನಂಬರು ನೋಡಿ, ಯಾರೋ ಬೇರೆಯವರೆಂದು ಇಟ್ಟುಬಿಡುತ್ತಿದ್ದರು. ಮೂರನೆಯ ಸಲ ಅವರು ಇಡಲಿಲ್ಲ. ಎತ್ತಲೂ ಇಲ್ಲ. ಪಕ್ಕದಲ್ಲಿ ಕೂತ ನೇಮಿನಾಥರ ಮುಂದೆ ಅದನ್ನು ಚಾಚಿ, ಸಭೆಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದರು.

"ಕವಲಾಪುರದ್ದ ಐತಿ. ನೀ ಎತ್ತು. ನಾನಲ್ಲ."